29 ಇಂಚಿನ ಹಾರ್ಡ್‌ಟೇಲ್: ಎರಡರಲ್ಲಿ ಒಂದನ್ನು ಆರಿಸುವುದು ಹೇಗೆ?

ಅಂಗಡಿಯಲ್ಲಿ ಎರಡು ಹಾರ್ಡ್‌ಟೇಲ್ ಸೈಕಲ್‌ಗಳು ಪಕ್ಕಪಕ್ಕ ನಿಂತಿವೆ. ಮುಂದೆ ಮಾತ್ರ ಸಸ್ಪೆನ್ಷನ್, ಹಿಂದೆ ಇಲ್ಲ. ಎರಡಕ್ಕೂ 29 ಇಂಚಿನ ಚಕ್ರ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಆಗ ನಮ್ಮ ಕಣ್ಣು ಹೋಗುವುದು ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮೇಲಿನ ಹೆಸರಿಗೆ. ನಾನೂ ಹಾಗೇ ಕೊಂಡಿದ್ದೆ. ಎರಡು ವರ್ಷದ ಮೇಲೆ ಒಳ್ಳೆಯ ಫೋರ್ಕ್ (ಮುಂಚಕ್ರ ಹಿಡಿಯುವ, ಸಸ್ಪೆನ್ಷನ್ ಇರುವ ಕವಲು) ಹಾಕಿಸಲು ಹೋದರೆ, ನನಗೆ ಬೇಕಾದ ಯಾವುದೂ ಆ ಫ್ರೇಮಿಗೆ ಕೂರಲಿಲ್ಲ. ಗೇರು, ಬ್ರೇಕು, ಟೈರು ನಾಳೆ ಬದಲಿಸಬಹುದು, ಫ್ರೇಮನ್ನಲ್ಲ. ಹಾಗಾಗಿ ಕೊಟ್ಟ ಹಣಕ್ಕೆ ತಕ್ಕ ಸೈಕಲ್ ಹುಡುಕುವವರು ಫ್ರೇಮಿನಿಂದ ಶುರು ಮಾಡಬೇಕು.

ಮೊದಲು ಹ್ಯಾಂಡಲ್ ಕೆಳಗಿನ ಹೆಡ್‌ಟ್ಯೂಬ್ ನೋಡಿ. ಮೇಲೆ ಸಣ್ಣಗಿದ್ದು ಕೆಳಗೆ ದಪ್ಪವಾಗಿದ್ದರೆ ಅದು ಟೇಪರ್ಡ್. ಈಗಿನ ಒಳ್ಳೆಯ ಫೋರ್ಕ್‌ಗಳಲ್ಲಿ ಹೆಡ್‌ಟ್ಯೂಬ್ ಒಳಗೆ ಹೋಗುವ ಕೊಳವೆ ಮೇಲೆ 1⅛ ಇಂಚು, ಕೆಳಗೆ 1½ ಇಂಚು ಇರುತ್ತದೆ. ಹೆಡ್‌ಟ್ಯೂಬ್ ನೆಟ್ಟಗಿದ್ದರೂ ಒಳ ಅಳತೆ 44 ಮಿ.ಮೀ. ಇದ್ದರೆ ಪರವಾಗಿಲ್ಲ, ಬೇರೆ ಹೆಡ್‌ಸೆಟ್ (ಹೆಡ್‌ಟ್ಯೂಬಿನ ಬೇರಿಂಗ್ ಜೋಡಿ) ಹಾಕಿಸಿ ಅಂಥ ಫೋರ್ಕ್ ಕೂರಿಸಬಹುದು.

ಆಮೇಲೆ ಹಿಂಚಕ್ರದ ಆ್ಯಕ್ಸಲ್. ದೊಡ್ಡ ಚಕ್ರದಲ್ಲಿ ಕಡ್ಡಿಗಳು ಉದ್ದ, ಹಾಗಾಗಿ ಅದು ಪಕ್ಕಕ್ಕೆ ಬಾಗುವುದು ಜಾಸ್ತಿ. ಹಬ್ (ಚಕ್ರದ ನಡುವಿನ ಗುಂಬ) ಅಗಲವಾದಷ್ಟೂ ಚಕ್ರ ಗಟ್ಟಿ. 148 ಮಿ.ಮೀ. ಅಗಲದ, 12 ಮಿ.ಮೀ. ದಪ್ಪದ ಥ್ರೂ ಆ್ಯಕ್ಸಲ್ (ಫ್ರೇಮಿನ ತೂತುಗಳ ಮೂಲಕ ಹಾದು ಬಿಗಿಯುವ ಅಚ್ಚು) ಇದ್ದರೆ ಸಂತೋಷದಿಂದ ನಾಲ್ಕು ಕಾಸು ಹೆಚ್ಚು ಕೊಡಿ. ಗೇರಿನ ಹಲ್ಲುಗಳು ಫ್ರೀವೀಲ್‌ನದ್ದೋ (ಇಡೀ ಗುಂಪು ಹಬ್‌ಗೆ ತಿರುಪಿ ಕೂರುವಂಥದ್ದು) ಕ್ಯಾಸೆಟ್‌ನದ್ದೋ (ಹಬ್ ಮೇಲೆ ಜಾರಿಸಿ ಕೂರಿಸುವಂಥದ್ದು) ಎಂದೂ ಕೇಳಿ. ಕಾಡುದಾರಿಗೆ ಕ್ಯಾಸೆಟ್ಟೇ ಬೇಕು. ಫ್ರೀವೀಲ್ ಹಬ್‌ನಲ್ಲಿ ಬಲಬದಿಯ ಬೇರಿಂಗ್ ಒಳಗೆ ಸರಿದಿರುವುದರಿಂದ ಆ್ಯಕ್ಸಲ್ ಬಾಗುವ ಅಪಾಯ ಇದೆ.

ಮುಂದೆ ಫೋರ್ಕ್. ಒಳಗೆ ಸ್ಪ್ರಿಂಗ್ ಇದೆಯೋ ಗಾಳಿಯೋ? ಸಾಮಾನ್ಯವಾಗಿ ಫೋರ್ಕಿನ ಎಡಗಾಲಿನ ಮೇಲ್ತುದಿಯ ಮುಚ್ಚಳದ ಕೆಳಗೆ ವಾಲ್ವ್ ಇದ್ದರೆ ಗಾಳಿಯದ್ದು. 55 ಕೆ.ಜಿ.ಯವರಿಗೂ 90 ಕೆ.ಜಿ.ಯವರಿಗೂ ಒಂದೇ ಸ್ಪ್ರಿಂಗ್ ಸರಿಹೋಗುವುದಿಲ್ಲ ಅಲ್ವಾ? ಗಾಳಿ ಫೋರ್ಕನ್ನು ಶಾಕ್ ಪಂಪಿನಿಂದ ನಿಮ್ಮ ತೂಕಕ್ಕೆ ಹೊಂದಿಸಬಹುದು. 100 ಮಿ.ಮೀ. ಫೋರ್ಕ್ ಆದರೆ, ನೀವು ಹತ್ತಿದಾಗ 20ರಿಂದ 25 ಮಿ.ಮೀ. ಕುಗ್ಗಬೇಕು.

ಈಗ ಓಡಿಸುವ ಗುಣ. 2.25 ಇಂಚಿನ ಟೈರು ಹಾಕಿದರೆ 29ರ ಚಕ್ರದ ಎತ್ತರ ಸುಮಾರು 736 ಮಿ.ಮೀ., ಹಳೆಯ 26ರದ್ದು 673 ಮಿ.ಮೀ. ದೊಡ್ಡ ಚಕ್ರ ಕಲ್ಲಿಗೆ ಎದೆ ಕೊಡದೆ, ಅದರ ಮೇಲೆ ಹತ್ತಿ ಹೋಗುತ್ತದೆ. ಮಲೆನಾಡಿನ ತೋಟದ ದಾರಿಯ ಬೇರು, ಕೊರಕಲುಗಳಲ್ಲಿ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಆದರೆ ವೇಗ ಹಿಡಿಯಲು, ಗಕ್ಕನೆ ತಿರುಗಲು ಸ್ವಲ್ಪ ನಿಧಾನ.

ಎರಡು 29ಗಳೂ ಒಂದೇ ಥರ ತಿರುಗುವುದಿಲ್ಲ. ಕಂಪನಿಯ ಅಳತೆ ಪಟ್ಟಿಯಲ್ಲಿ ಹೆಡ್ ಆ್ಯಂಗಲ್ (ನೆಲಕ್ಕೆ ಹೆಡ್‌ಟ್ಯೂಬ್ ಎಷ್ಟು ಓರೆ ಎಂಬ ಕೋನ) ಹುಡುಕಿ. 69 ಡಿಗ್ರಿ ಆಸುಪಾಸಿನದ್ದು ಚುರುಕು. 66ರದ್ದು ಇಳಿಜಾರಿನಲ್ಲಿ ಧೈರ್ಯ ಕೊಡುತ್ತದೆ, ಏರಿನಲ್ಲಿ ನಿಧಾನವಾಗಿ ಹೋಗುವಾಗ ಮುಂಚಕ್ರ ಅತ್ತಿತ್ತ ಅಲೆಯುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ಇಳಿಯುವ ಆಸೆ ಇದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಚೈನ್‌ಸ್ಟೇ (ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿನವರೆಗಿನ ಉದ್ದ) 430 ಮಿ.ಮೀ. ಹತ್ತಿರ ಇದ್ದರೆ ಮುಂಚಕ್ರ ಎತ್ತುವುದು ಸುಲಭ. ಮೀಡಿಯಂ, ಲಾರ್ಜ್ ಅನ್ನುವುದನ್ನು ನಂಬಬೇಡಿ, ರೀಚ್ (ಪೆಡಲಿನ ಅಚ್ಚಿನಿಂದ ಹೆಡ್‌ಟ್ಯೂಬ್ ಮೇಲ್ತುದಿ ಎಷ್ಟು ಮುಂದಿದೆ ಎಂಬ ಅಳತೆ) ಹೋಲಿಸಿ. ತುಂಬಾ ಗಿಡ್ಡವಿರುವವರು ಚಿಕ್ಕ ಫ್ರೇಮಿನ 29 ಹತ್ತಿ ತಿರುಗಿಸಿ ನೋಡಲಿ. ಕಾಲ್ಬೆರಳು ಮುಂಚಕ್ರಕ್ಕೆ ತಾಗಿದರೆ 27.5 ಇಂಚಿನ ಚಕ್ರವೇ ಮೇಲು.

ಕೊನೆಗೆ ಓಡಿಸಿ ನೋಡಿ. ಅದಕ್ಕೂ ಮೊದಲು ಎರಡರಲ್ಲೂ ಗಾಳಿ ಒಂದೇ ಮಾಡಿಸಿ. ಒಂದರ ಟೈರು ಕಲ್ಲಿನಂತಿದ್ದು ಇನ್ನೊಂದು ಮೆತ್ತಗಿದ್ದರೆ ನೀವು ಹೋಲಿಸುವುದು ಬರೀ ಗಾಳಿಯನ್ನು. ಟ್ಯೂಬ್ ಇರುವ 2.25ರ ಟೈರಿಗೆ, 70 ಕೆ.ಜಿ.ಯವರಿಗೆ ಸುಮಾರು 28 ಪಿಎಸ್‌ಐ ಸಾಕು. ಸೀಟನ್ನೂ ಸಮ ಎತ್ತರಕ್ಕೆ ತನ್ನಿ. ಇಕ್ಕಟ್ಟಾದ ಜಾಗದಲ್ಲಿ ಎಂಟರ ಆಕಾರ ಸುತ್ತಿ, ನಿಂತು ಫುಟ್‌ಪಾತ್ ಅಂಚು ಇಳಿಯಿರಿ. ಹತ್ತಿರದ ಏರಿನಲ್ಲಿ ಕೂತೇ ನಿಧಾನ ಹತ್ತಿ. ಆಮೇಲೆ ಮೊದಲ ಸೈಕಲ್ಲಿಗೆ ಮತ್ತೊಮ್ಮೆ ಹತ್ತಿ. ಎರಡನೇ ಸಲಕ್ಕೆ ಹೊಸತನದ ಖುಷಿ ಇಳಿದಿರುತ್ತದೆ, ತಿರುವಿನಲ್ಲಿ ಯಾವುದು ನಿಮ್ಮ ಮಾತು ಕೇಳುತ್ತದೆ ಎಂದು ಗೊತ್ತಾಗುತ್ತದೆ.