ತಮಟೆ ಕಾಯಿಸಿ ಮಾಡಿದ ಆಲ್ಬಮ್

ನಮ್ಮ ಕನ್ನಡ ರ‍್ಯಾಪ್ ಆಲ್ಬಮ್‌ಗೆ ಅಂತ ನಾವು ಮೊದಲು ರೆಕಾರ್ಡ್ ಮಾಡಿದ ಮೂರು ಹಾಡು ಈಗ ಅದರಲ್ಲಿಲ್ಲ. ಮೂರನ್ನೂ ನಾವೇ ಅಳಿಸಿದೆವು.

2023ರ ಯುಗಾದಿ ಮುಗಿದ ಮೇಲೆ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಗಂಟೆಗೆ 800 ರೂಪಾಯಿ ಕೊಟ್ಟು ಹಾಡಿದ್ದೆವು. ಮೈಕು ಚೆನ್ನಾಗಿತ್ತು, ಕೋಣೆ ಚೆನ್ನಾಗಿತ್ತು. ಅಲ್ಲಿದ್ದವರು ನನ್ನ ‘ಬತ್ತೀನಿ’ಯನ್ನು ‘ಬರ್ತೀನಿ’ ಮಾಡಿಸಿದರು. ತಮಟೆ ಬೇಕು ಅಂದಾಗ ಕಂಪ್ಯೂಟರ್‌ನಲ್ಲಿದ್ದ ಯಾವುದೋ ಡ್ರಮ್ ಸದ್ದು ತೆಗೆದು ಕೂರಿಸಿದರು. ರಾತ್ರಿ ರೈಲಿನಲ್ಲಿ ಮಂಡ್ಯಕ್ಕೆ ವಾಪಸ್ ಬರುವಾಗ ಫೋನ್‌ನಲ್ಲಿ ಹಾಕಿಕೊಂಡು ಕೇಳಿದೆವು. ಮದ್ದೂರು ದಾಟುವ ಹೊತ್ತಿಗೆ ಮೂವರೂ ಸುಮ್ಮನಾಗಿದ್ದೆವು. ಹಾಡಿನಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮೂರಿನವರು ಯಾರೂ ಹಾಗೆ ಮಾತಾಡುವುದಿಲ್ಲ.

ಮೂವರು ಅಂದರೆ ನಾನು, ಬೀಟ್ ಮಾಡುವ ನನ್ನ ಗೆಳೆಯ, ಮತ್ತೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಗ ಕನ್ನಡ ಎಂ.ಎ. ಓದುತ್ತಿದ್ದ ನಮ್ಮ ಗುಂಪಿನ ಹುಡುಗಿ. ನಾನು ಮಂಡ್ಯದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಗೆಳೆಯನ ತಾತ ತಮಟೆ ಬಾರಿಸುವವರು. ಹಾಗಿದ್ದೂ ಕಂಪ್ಯೂಟರ್ ತಮಟೆಗೆ ತಲೆಯಾಡಿಸಿ ಬಂದೆವಲ್ಲ ಅನ್ನೋದು ಅವನಿಗೆ ಜಾಸ್ತಿ ಚುಚ್ಚಿತ್ತು.

ನಮ್ಮ ಸಾಹಿತ್ಯದಲ್ಲಿದ್ದ ಕೊರತೆಯನ್ನು ಹಿಡಿದವಳು ಆ ಹುಡುಗಿ. ಒಂದಿನ ಕ್ಲಾಸು ಮುಗಿಸಿ ಫೋನ್ ಮಾಡಿ, “ಅಣ್ಣ, ನಾವು ಪ್ರಾಸ ಹಾಕ್ತಾ ಇಲ್ಲ, ವ್ಯಾಕರಣ ಹಾಕ್ತಾ ಇದೀವಿ” ಅಂದಳು. ಬರೆದದ್ದನ್ನು ತೆಗೆದು ನೋಡಿದೆ. ‘ನಡೀತಾ ಇದ್ದೀನಿ, ಹುಡುಕ್ತಾ ಇದ್ದೀನಿ, ಹಾಡ್ತಾ ಇದ್ದೀನಿ’ ಅಂತ ಸಾಲು ಸಾಲು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಎಲ್ಲ ಸಾಲಿನಲ್ಲೂ ‘ನಾನು’ ಅಂತಿದ್ದರೆ ಅದರ ಬಾಲವೂ ಒಂದೇ. ಹಾಗಾಗಿ ಕೊನೆಯ ಪ್ರಾಸ ಕೇಳದೇ ಸಿಗುತ್ತದೆ. ಬರೆಯುವವನು ದುಡಿಯಲೇಬೇಕಾಗಿಲ್ಲ, ಕೇಳುವವನಿಗೂ ಮುಂದಿನ ಸಾಲು ಮೊದಲೇ ಗೊತ್ತಾಗಿಬಿಡುತ್ತದೆ. ಹಳೆಗನ್ನಡದ ಕವಿಗಳು ಪ್ರಾಸವನ್ನು ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ ಇಡುತ್ತಿದ್ದರು. ಆದಿಪ್ರಾಸ. ಸ್ಕೂಲಿನಲ್ಲಿ ಅಂಕಕ್ಕಾಗಿ ಓದಿ ಮರೆತದ್ದು ನನಗೆ ಅವತ್ತು ಕೆಲಸಕ್ಕೆ ಬಂತು. ಅವತ್ತೇ ರಾತ್ರಿ, ಕಬ್ಬಿನ ಬಿಲ್ಲಿನ ದುಡ್ಡಿಗೆ ಕಾಯುವ ಅಪ್ಪನ ಬಗ್ಗೆ ಬರೆದೆ:

ಕಬ್ಬಿನ ಗದ್ದೆ ಬದೀಲಿ ನಿಂತು
ಹಬ್ಬದ ದಿನವೂ ಬಿಲ್ಲಿಗೆ ಕಾದು
ಅಬ್ಬರ ಮಾಡ್ದೆ ಬದ್ಕಿರೋ ಅಪ್ಪ
ಒಬ್ಬನೆ ರಾತ್ರಿ ನೀರ್ ಕಟ್ಟೋಕ್ ಹೋದ

ಆಮೇಲೆ ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತು, ಎಣಿಸಲು ಕೂತೆವು. ನಮ್ಮ ಬೀಟ್‌ನಲ್ಲಿ ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಪೆಟ್ಟು, ಒಂದೊಂದು ಪೆಟ್ಟಿಗೆ ನಾಲ್ಕು ಸಣ್ಣ ಮನೆ, ಒಟ್ಟು 16 ಮನೆ. ಒಂದು ಮನೆಗೆ ಒಂದು ಮಾತ್ರೆ ಅಂತ ಇಟ್ಟುಕೊಳ್ಳಿ. ‘ಬರುತ್ತೇನೆ’ ಅಂದರೆ 6 ಮಾತ್ರೆ. ‘ಬತ್ತೀನಿ’ ಅಂದರೆ 5. ನಮ್ಮ ಕಡೆ ಅವಸರದಲ್ಲಿ ಹೇಳುವ ‘ಬತ್ತೀನ್’ ಅಂದರೆ ಸರಿಯಾಗಿ 4, ಒಂದು ಪೆಟ್ಟಿನೊಳಗೆ ಕೂತುಬಿಡುತ್ತದೆ. ಬೆಂಗಳೂರಿನಲ್ಲಿ ತಿದ್ದಿಸಿಕೊಂಡಿದ್ದೆನಲ್ಲ, ಅದೇ ಮಾತು ಇದು. ಭಾಮಿನಿ ಷಟ್ಪದಿಯ ಚಿಕ್ಕ ಸಾಲು ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು 14 ಮಾತ್ರೆ. 16 ಮನೆಯ ಬಾರ್‌ನಲ್ಲಿ ಅದನ್ನಿಟ್ಟರೆ ಎರಡು ಮನೆ ಉಳಿಯುತ್ತವೆ, ಉಸಿರೆಳೆದುಕೊಳ್ಳಲು ಅಷ್ಟು ಸಾಕು. ಇದು ಗೊತ್ತಾದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆಲ್ಬಮ್‌ನ ಎರಡನೇ ಹಾಡು ಪೂರ್ತಿ ಅದೇ ಲೆಕ್ಕದಲ್ಲಿದೆ. ಕೇಳಿದ ಯಾರಿಗೂ ಅದು ಷಟ್ಪದಿ ಅನ್ನಿಸಿಲ್ಲ, ರ‍್ಯಾಪ್ ಅಂತಲೇ ಅನ್ನಿಸಿದೆ. ನನಗೆ ಅದೇ ಸಂತೋಷ.

ಸ್ಟುಡಿಯೋಗೆ ಮತ್ತೆ ದುಡ್ಡು ಸುರಿಯುವ ಶಕ್ತಿ ಇರಲಿಲ್ಲ. ಮಳವಳ್ಳಿ ಕಡೆ ನಮ್ಮ ದೊಡ್ಡಪ್ಪನ ಹುಳುಮನೆ ಇದೆ. ರೇಷ್ಮೆಯ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ತನಕ ಅದು ಖಾಲಿ ಇರುತ್ತದೆ. ಅಷ್ಟು ದಿನ ನಮಗೆ ಬಿಟ್ಟುಕೊಟ್ಟರು. ಮೊದಲ ದಿನ ಚಪ್ಪಾಳೆ ತಟ್ಟಿದರೆ ನಾಲ್ಕು ಗೋಡೆಯಿಂದಲೂ ವಾಪಸ್ ಬರುತ್ತಿತ್ತು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಅಂತ ತುಂಬ ಜನ ಹೇಳುತ್ತಾರೆ. ಅದರಿಂದ ಹೆಚ್ಚೇನೂ ಆಗಲ್ಲ, ತೆಳು ಕಾಗದ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ನಾವು ತೆಂಗಿನ ನಾರಿನ ಮೂರು ಹಳೇ ಹಾಸಿಗೆಗಳನ್ನು ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಕಂಬಳಿ, ರಗ್ಗು ಹೊದಿಸಿದೆವು. ಅದರ ನಡುವೆ ಮೈಕು, ಬಾಯಿಗೂ ಮೈಕಿಗೂ ಒಂದು ಗೇಣು. ಫ್ಯಾನ್ ಹಾಕುವಂತಿಲ್ಲ. ಒಂದು ಟೇಕ್ ಮುಗಿದರೆ ಶರ್ಟು ಹಿಂಡಬೇಕು.

ಬೆಳೆ ಶುರುವಾದ ಮೇಲೂ ಒಂದು ರಾತ್ರಿ ಅಲ್ಲಿಗೆ ಹೋದೆವು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳುಗಳಿಗೆ ದೊಡ್ಡಮ್ಮ ಸೊಪ್ಪು ಹಾಕಿದ್ದರು. ಆ ಹಂತದಲ್ಲಿ ಹುಳುಗಳಿಗೆ ವಿಪರೀತ ಹಸಿವು. ಬಾಗಿಲು ಹಾಕಿ ಉಸಿರು ಹಿಡಿದು ಕೂತರೆ ಎಲೆ ತಿನ್ನುವ ಸದ್ದು ಕೇಳುತ್ತದೆ, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಮೈಕನ್ನು ತಟ್ಟೆಯ ಹತ್ತಿರ ಹಿಡಿದು ಹನ್ನೊಂದು ನಿಮಿಷ ರೆಕಾರ್ಡ್ ಮಾಡಿದೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಕೆಆರ್‌ಎಸ್ ತುಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ದಿನಾ ಧರಣಿ. ನಮ್ಮ ನೀರಿನ ಹಾಡು ಆಗ ಹುಟ್ಟಿದ್ದು. ಆ ಹಾಡಿನ ಅಡಿಯಲ್ಲಿ ಉದ್ದಕ್ಕೂ ಮಳೆ ಸುರಿಯುತ್ತಿದೆ, ಅದು ಈ ಹುಳುಗಳ ಸದ್ದು. 2024ರ ಜುಲೈನಲ್ಲಿ ಅಣೆಕಟ್ಟು ತುಂಬಿತು. ಈಗ ಈ ಹಾಡು ಬೇಕಾ ಅಂತ ನಮ್ಮಲ್ಲೇ ಮಾತು ಬಂತು. ಬೇಕು ಅಂದೆ. ಡ್ಯಾಮ್ ತುಂಬಿದ ತಕ್ಷಣ ಹಿಂದಿನ ವರ್ಷ ಒಣಗಿದ ಬೆಳೆ ಎದ್ದು ಬರುವುದಿಲ್ಲವಲ್ಲ.

ತಮಟೆಗೆ ಮೊದಲು ನಾವು ಯೋಚಿಸಿದ್ದು ಸ್ಯಾಂಪಲ್. ಯಾವುದಾದರೂ ಹಳೇ ಜನಪದ ಧ್ವನಿಮುದ್ರಣದಿಂದ ಎರಡು ಬಾರ್ ಕತ್ತರಿಸಿ ಸುತ್ತಿಸೋಣ ಅಂತ. ಹಿಪ್ ಹಾಪ್ ಹುಟ್ಟಿದ್ದೇ ಹಾಗೆ ಅಲ್ವಾ? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಇಟ್ಟುಕೊಂಡಿದ್ದ ಪಾರ್ಟಿಯಲ್ಲಿ ಹಳೇ ರೆಕಾರ್ಡ್‌ಗಳ ಡ್ರಮ್ ಭಾಗವನ್ನೇ ಹಿಗ್ಗಿಸಿ ಕುಣಿಸಿದ. ಆದರೆ ಕಾನೂನು ಬೇರೆ. ಜನಪದ ಹಾಡು ಎಲ್ಲರದು, ಅದರ ರೆಕಾರ್ಡಿಂಗ್ ಎಲ್ಲರದಲ್ಲ. ನಮ್ಮ ದೇಶದಲ್ಲಿ ಧ್ವನಿಮುದ್ರಣ ಹೊರಬಂದ ಮುಂದಿನ ವರ್ಷದಿಂದ 60 ವರ್ಷ ಅದಕ್ಕೆ ಹಕ್ಕು ಇರುತ್ತದೆ. ಡೆ ಲಾ ಸೋಲ್ ಅಂತ ಅಮೆರಿಕದ ಗುಂಪು 1989ರಲ್ಲಿ ತಂದ ಮೊದಲ ಆಲ್ಬಮ್, ಸ್ಯಾಂಪಲ್ ತೊಡಕುಗಳಲ್ಲಿ ಸಿಕ್ಕಿ 2023ರ ಮಾರ್ಚ್‌ವರೆಗೂ ಸ್ಟ್ರೀಮಿಂಗ್‌ಗೇ ಬರಲಿಲ್ಲ. ಇದನ್ನು ಓದಿ ಹೇಳಿದಾಗ ಗೆಳೆಯ ಎದ್ದು ನಿಂತ. “ಮನೇಲೇ ತಾತ ಅವ್ರೆ, ನಡಿ” ಅಂದ.

ತಾತ ಬಂದಿದ್ದು ಒಂದು ಭಾನುವಾರ ಸಂಜೆ. ಹುಳುಮನೆಯ ಹಿಂದೆ ಭತ್ತದ ಹುಲ್ಲು, ಒಣ ತೆಂಗಿನ ಗರಿ ಹಾಕಿ ಬೆಂಕಿ ಮಾಡಿಕೊಂಡರು. ತಮಟೆಯನ್ನು ಉರಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ಒಂದು ತಟ್ಟು. ಮೊದಲು ಬೊದ್ ಅಂದಿತು. ಆಮೇಲೆ ಡಬ್. ಕೊನೆಗೆ ಟಣ್ ಅಂದಾಗ ಗುಡ್ಡದ ಆ ಕಡೆಯ ನಾಯಿ ಬೊಗಳಿತು. “ಈಗ ಮಾತಾಡ್ತದೆ” ಅಂದರು. ಒಂದು ದಪ್ಪ ಕೋಲು, ಒಂದು ತೆಳು ಕೋಲು ಕೈಗೆ ತಗೊಂಡರು.

ನಾವು ಅವರ ಕಿವಿಗೆ ಹೆಡ್‌ಫೋನ್ ಹಾಕಿ ನಿಮಿಷಕ್ಕೆ 92 ಪೆಟ್ಟಿನ ಕ್ಲಿಕ್ ಕೊಟ್ಟೆವು. ಅರ್ಧ ನಿಮಿಷಕ್ಕೆ ತೆಗೆದು ಪಕ್ಕಕ್ಕಿಟ್ಟರು. “ಇದ್ಯಾಕ್ಲಾ ಟಿಕ್ ಟಿಕ್ ಅಂತದೆ? ನಾನು ಅದ್ರ ಹಿಂದೆ ಹೋಗ್ಲೋ, ದ್ಯಾವ್ರ ಮುಂದೆ ಹೋಗ್ಲೋ?” ಕ್ಲಿಕ್ ಇಲ್ಲದೆಯೇ ಬಾರಿಸಿದರು. ಆಮೇಲೆ ಅಳೆದು ನೋಡಿದರೆ 92ಕ್ಕೆ ಶುರುವಾದದ್ದು ಕೊನೆಗೆ 99ಕ್ಕೆ ಹತ್ತಿತ್ತು. ಮೆರವಣಿಗೆ ಗುಡಿ ಹತ್ತಿರ ಬಂದ ಹಾಗೆ ತಮಟೆ ಬಿರುಸಾಗುತ್ತದೆ, ಅದು ತಪ್ಪಲ್ಲ. ಕಂಪ್ಯೂಟರ್‌ಗೆ ಬಗ್ಗಿಸಿದರೆ ಎಲ್ಲ ನೇರವಾಗುತ್ತಿತ್ತು, ಜೀವವೂ ಹೋಗುತ್ತಿತ್ತು. ಅದರ ಬದಲು ಗೆಳೆಯ ಎರಡು ವಾರ ಕೂತು, ಸೆಷನ್‌ನ ವೇಗವನ್ನೇ ತಾತನ ಕೈಗೆ ತಕ್ಕ ಹಾಗೆ ಬಾರ್ ಬಾರ್‌ಗೂ ಹೊಂದಿಸಿದ. ನಾವು ಏರುವ ವೇಗದ ಮೇಲೆ ರ‍್ಯಾಪ್ ಮಾಡುವುದು ಕಲಿತೆವು. ಕೊನೆಯ ಎಂಟು ಬಾರ್‌ನಲ್ಲಿ ನನ್ನ ಉಸಿರು ಕಟ್ಟುವುದು ಕೇಳಿಸುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇವೆ.

ಇನ್ನೊಂದು ತೊಂದರೆ ಇತ್ತು. ಕಾಯಿಸಿದ ಚರ್ಮ ಆರುತ್ತಾ ಹೋದ ಹಾಗೆ ಸ್ವರ ಇಳಿಯುತ್ತದೆ. ಹೊತ್ತು ಮುಳುಗುತ್ತಿತ್ತು, ಹುಲ್ಲು ಮುಗಿದಿತ್ತು. ಎರಡನೇ ಹಾಡಿನ ಕೊನೆಯ ಟೇಕ್ ಸ್ವಲ್ಪ ಕೆಳಗೆ ಕೂತಿತು. ಕಂಪ್ಯೂಟರ್‌ನಲ್ಲಿ ಸ್ವರ ಏರಿಸಿ ಹೊಂದಿಸಿದೆವು. ಹತ್ತು ಜನಕ್ಕೆ ಕೇಳಿಸಿದೆವು, ಯಾರಿಗೂ ಗೊತ್ತಾಗಲಿಲ್ಲ.

ಹೊರಡುವಾಗ ತಾತ ಕೇಳಿದ್ದು ಒಂದೇ. “ನನ್ ಹೆಸ್ರು ಎಲ್ಲಿ ಬತ್ತದೆ?” ಅಪ್‌ಲೋಡ್ ಮಾಡುವ ಫಾರಂನಲ್ಲಿ ವಾದ್ಯ ನುಡಿಸಿದವರಿಗೆ ಒಂದು ಜಾಗ ಇದೆ. ಅಲ್ಲಿ ಬರೆದರೆ ಹೆಸರು ಒಳಗೆಲ್ಲೋ ಹೋಗುತ್ತದೆ, ಯಾರೂ ತೆರೆದು ನೋಡುವುದಿಲ್ಲ. ನಾವು ಅವರನ್ನು ಜೊತೆ ಕಲಾವಿದರು ಅಂತ ಹಾಕಿದೆವು, ಹಾಡಿನ ಹೆಸರಿನ ಪಕ್ಕದಲ್ಲೇ ಕಾಣುವ ಹಾಗೆ. ಅವರು ಬಾರಿಸಿದ ಎರಡು ಹಾಡಿನ ದುಡ್ಡಿನಲ್ಲಿ ನಾಲ್ಕು ಸಮಪಾಲು. ತಮಟೆ ಹಬ್ಬಕ್ಕೂ ಬೇಕು, ಸಾವಿಗೂ ಬೇಕು. ಬಾರಿಸಿದವರನ್ನು ಮಾತ್ರ ಗುಡಿಯಿಂದ ಆಚೆ ನಿಲ್ಲಿಸುವ ಊರಿನಲ್ಲಿ ಬೆಳೆದವರು ನಾವು. ನನ್ನ ಮಟ್ಟಿಗೆ ಆಲ್ಬಮ್‌ನಲ್ಲಿ ನಾವು ಮಾಡಿದ ಅತಿ ಮುಖ್ಯ ಕೆಲಸ ಈ ಹೆಸರು ಬರೆದದ್ದು.

ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯ ಮೇಲೂ ಒಂದು ಹಾಡಿದೆ. 118 ಕಿಲೋಮೀಟರಿನ ಹೊಸ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, ಕಾರುಗಳು ಊರುಗಳ ಹೊರಗಿಂದಲೇ ಹೋಗತೊಡಗಿದವು. ರಸ್ತೆ ಬದಿಯ ಎಳನೀರು ಅಂಗಡಿ, ವಡೆ ಹೋಟೆಲು ಖಾಲಿ ಹೊಡೆದವು. ಇದನ್ನು ಬರೆದದ್ದು, ಹಾಡಿದ್ದು ನಮ್ಮ ಹುಡುಗಿ. ಆಲ್ಬಮ್‌ನಲ್ಲಿ ಅತಿ ಚೆಂದದ ಸಾಹಿತ್ಯ ಅವಳದೇ.

ಮೈಕಿಗೆ 6,500, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ಗೆ 9,000, ಎಂಟು ಹಾಡಿನ ಮಾಸ್ಟರಿಂಗ್‌ಗೆ 20,000 ಆಯಿತು. ಮಿಕ್ಸಿಂಗ್ ನಾವೇ ಮಾಡಿದೆವು. ಮೊದಲ ಮಿಕ್ಸನ್ನು ಕಿವಿ ಕಿತ್ತುಹೋಗುವಷ್ಟು ಜೋರು ಮಾಡಿದ್ದೆವು. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಲಫ್ಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದು ಕೇಳಿಸುತ್ತದೆ. ನಮ್ಮ ಜೋರೆಲ್ಲ ಅಲ್ಲಿ ಇಳಿದು, ಪೆಟ್ಟು ಸತ್ತುಹೋದ ಚಪ್ಪಟೆ ಸದ್ದು ಉಳಿಯಿತು. ಮತ್ತೆ ಮಾಡಿದೆವು. ಎರಡನೇ ಮಿಕ್ಸನ್ನು ಕಬ್ಬಿನ ಟ್ರ್ಯಾಕ್ಟರ್‌ನಲ್ಲಿ ಕೇಳಿದೆವು. ನಮ್ಮ ಕಡೆ ಕಬ್ಬಿನ ಲೋಡು ಹೋಗುವಾಗ ಡ್ರೈವರ್ ಸೀಟಿನ ಹಿಂದೆ ಸ್ಪೀಕರ್ ಪೆಟ್ಟಿಗೆ ಇರಲೇಬೇಕು. ಇಂಜಿನ್ನಿನ ಗುಡುಗಿನಲ್ಲಿ ಕಂಪ್ಯೂಟರಿನ ಕಿಕ್ ಡ್ರಮ್ ಮುಳುಗಿಯೇ ಹೋಯಿತು. ತಮಟೆ ಮಾತ್ರ ಮೇಲೆದ್ದು ಕೇಳುತ್ತಿತ್ತು. ಗೆಳೆಯ ಅಲ್ಲೇ ನಿಂತು ಯಾವ ಹಾಡಿನಲ್ಲಿ ಏನು ಇಳಿಸಬೇಕು ಅಂತ ಫೋನ್‌ನಲ್ಲಿ ಬರೆದುಕೊಂಡ.

2024ರ ದಸರಾ ಮುಗಿದ ವಾರ ಬಿಟ್ಟೆವು. ಮೊದಲ ಹಾಡಿನಲ್ಲಿ ಮಾತು ಶುರುವಾಗುವ ಮೊದಲು 50 ಸೆಕೆಂಡ್ ಬರೀ ತಮಟೆ. ಸ್ಪಾಟಿಫೈನಲ್ಲಿ ಜನ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ, ವರ್ಷಕ್ಕೆ 1,000 ಸ್ಟ್ರೀಮ್ ಆಗದ ಹಾಡಿಗೆ ದುಡ್ಡೇ ಇಲ್ಲ, ಅದಕ್ಕೆ ಕತ್ತರಿಸಿ ಅಂತ ತಿಳಿದವರು ಹೇಳಿದರು. ಕತ್ತರಿಸಲಿಲ್ಲ. ಆ ಹಾಡು ಸಾವಿರ ದಾಟಲು ಏಳು ತಿಂಗಳು ತೆಗೆದುಕೊಂಡಿತು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೆಚ್ಚಿದವರು ನಾವು ಅಂದುಕೊಂಡವರಲ್ಲ. ಕಾಲೇಜು ಹುಡುಗರಿಗಿಂತ ಮೊದಲು ಟ್ರ್ಯಾಕ್ಟರ್ ಡ್ರೈವರ್‌ಗಳು ಹಿಡಿದುಕೊಂಡರು. ಅಪ್ಪನ ಹಾಡು ಕೇಳಿ ನನ್ನ ಅಂಗಡಿಗೆ ಒಬ್ಬ ರೈತರು ಬಂದು, ಡಿಸ್‌ಪ್ಲೇ ಹಾಕಿಸಿಕೊಂಡು, ಹೋಗುವಾಗ “ಬಿಲ್ಲಿನ್ ವಿಚಾರ ಸರ್ಯಾಗ್ ಹೇಳಿದೀಯ” ಅಂದರು. ಬೈದವರೂ ಇದ್ದರು. ಓದಿದವರು ಹೀಗೆ ಹಳ್ಳಿ ಭಾಷೆ ಹಾಡಿ ಮಕ್ಕಳನ್ನು ಕೆಡಿಸಬಾರದು ಅಂತ ನೆಂಟರೊಬ್ಬರು ಫೋನ್ ಮಾಡಿದರು. ಮೈಸೂರಿನ ಒಬ್ಬ ಕೇಳುಗರು ಹೇಳಿದ ತಪ್ಪು ನಿಜ: ಪಲ್ಲವಿಗಳೆಲ್ಲ ಒಂದೇ ಗಂಟಲಲ್ಲಿ ಕೂಗಿದ ಹಾಗಿವೆ, ಆರನೇ ಹಾಡಿಗೆ ಕಿವಿ ಸೋಲುತ್ತದೆ. ಒಪ್ಪಿದೆವು.

ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಕರೆದವರು ಮಾತ್ರ, ತಮಟೆ ವೇದಿಕೆಗೆ ಬೇಡ, ಸಾವಿನ ವಾದ್ಯ ಅಂದರು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಿದ್ದು ಇದೇ ತಮಟೆಯಿಂದ ಅಂತ ನಮ್ಮ ಹುಡುಗಿ ಸಮಾಧಾನವಾಗಿ ಹೇಳಿದಳು. ಅವರು ಒಪ್ಪಲಿಲ್ಲ. ನಾವು ಹೋಗಲಿಲ್ಲ.

ತಾತನಿಗೆ ಪೂರ್ತಿ ಕೇಳಿಸಿದ್ದು ಸ್ವಲ್ಪ ತಡವಾಗಿ. ಜಗಲಿ ಮೇಲೆ ಕೂತು, ಫೋನನ್ನು ಕಿವಿ ಹತ್ತಿರ ಹಿಡಿದು, ಕಣ್ಣು ಮುಚ್ಚಿದ್ದರು. ಮೊದಲ ಹಾಡಿಗೆ ಏನೂ ಹೇಳಲಿಲ್ಲ, ಬೆರಳು ಮಾತ್ರ ತೊಡೆ ಮೇಲೆ ಆಡುತ್ತಿತ್ತು. ಎರಡನೆಯದರ ಕೊನೆ ಹತ್ತಿರ ಬೆರಳು ನಿಂತಿತು. “ಇಲ್ಲಿ ಚರ್ಮ ತಣ್ಣಗಾಗ್ಬುಟ್ಟದೆ ಕಣ್ಲಾ. ಇನ್ನೊಂದ್ ಕಿತ ಕಾಯಿಸ್ಬೇಕಾಗಿತ್ತು” ಅಂದರು.

ಮುಂದಿನ ಭಾನುವಾರಕ್ಕೆ ಗೆಳೆಯ ಎರಡು ಹೊರೆ ಹುಲ್ಲು ತಂದಿಟ್ಟಿದ್ದಾನೆ.