ಕಬಿನಿಗೋ ರಂಗನತಿಟ್ಟಿಗೋ ಕ್ಯಾಮೆರಾ ಹೊತ್ತು ಹೊರಡುವ ಮುಂಚೆ

ಕಾಡಿಗೆ ಮೊದಲ ಸಲ ಕ್ಯಾಮೆರಾ ತಗೊಂಡು ಹೊರಟವರು ಕೇಳೋದು ಒಂದೇ ಪ್ರಶ್ನೆ: ಯಾವ ಲೆನ್ಸ್ ತಗೊಳ್ಳಲಿ? ನಿಮ್ಮ ಹತ್ತಿರ 100-400 ಅಥವಾ 150-600 ಎಂಎಂ ಜೂಮ್ ಇದ್ದರೆ (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತೆ) ಸದ್ಯಕ್ಕೆ ಅಷ್ಟು ಸಾಕು. ಇನ್ನೂ ದೊಡ್ಡ ಲೆನ್ಸಿಗೆ ಲಕ್ಷಗಟ್ಟಲೆ ಸುರಿಯುವ ಮುಂಚೆ ಅಲುಗಾಡದಂತೆ ಹಿಡಿಯೋದು, ಫೈಲ್ ಕಳೆದುಹೋಗದಂತೆ ನೋಡಿಕೊಳ್ಳೋದು, ಮನೆಗೆ ಬಂದು ಒಳ್ಳೇ ಫೋಟೋಗಳನ್ನು ಸರಿಯಾಗಿ ಆರಿಸೋದು, ಇವಕ್ಕೆ ಖರ್ಚು ಮಾಡಿ. ಖರ್ಚೂ ಕಮ್ಮಿ, ಲಾಭವೂ ಜಾಸ್ತಿ.

ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಗಳ ಹತ್ತಿರವೇ ಸಾಗುತ್ತೆ. ಗೂಡಲ್ಲಿ ಕೂತ ಬಣ್ಣದ ಕೊಕ್ಕರೆಗೆ, ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆಗೆ 300 ಎಂಎಂ ಧಾರಾಳ. ಕಬಿನಿಯಲ್ಲಿ 400 ಬೇಕು ಅನಿಸುತ್ತೆ, ನಿಜ. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆನೆ ಹಿಂಡುಗಳು ಹಸಿರು ಹುಲ್ಲಿಗೆ ಬಂದು ನಿಲ್ತಾವಲ್ಲ, ಆಗ ಉದ್ದದ ಲೆನ್ಸಿನಲ್ಲಿ ಒಂದು ಕಿವಿ, ಒಂದು ದಂತ ಬಿಟ್ಟರೆ ಬೇರೇನೂ ಕಾಣಲ್ಲ. ಆ ನೀರು, ಆಕಾಶ, ಇಡೀ ಹಿಂಡು ಒಟ್ಟಿಗೆ ಬರಬೇಕಂದ್ರೆ 24-70 ಥರದ್ದೊಂದು ಚಿಕ್ಕ ಲೆನ್ಸ್ ಜೊತೆಗಿರಲಿ. ಎರಡು ಕ್ಯಾಮೆರಾ ಬಾಡಿ ಇದ್ದರಂತೂ ಒಳ್ಳೇದು, ಧೂಳಲ್ಲಿ ಲೆನ್ಸ್ ಬಿಚ್ಚೋದು ತಪ್ಪುತ್ತೆ. ಕ್ಯಾಮೆರಾ ಶುಲ್ಕ ಲೆನ್ಸ್ ಮೇಲೆ ಬದಲಾಗಬಹುದು, ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಡ್ರೋನ್, ಫ್ಲ್ಯಾಶ್ ಎರಡೂ ಮನೇಲೇ ಇರಲಿ.

ಜೀಪಿನಲ್ಲಿ ಟ್ರೈಪಾಡ್ ಬಿಡಿಸೋಕೆ ಜಾಗ ಇರಲ್ಲ. ಬೇಕಾದ್ದು ಬೀನ್ ಬ್ಯಾಗ್, ಅಂದ್ರೆ ಲೆನ್ಸ್ ಊರೋಕೆ ಕಾಳು ತುಂಬಿದ ಚೀಲ, ಅದನ್ನು ನೀವೇ ಮಾಡಿಕೊಳ್ಳಬಹುದು. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ. ಒಂದು ತುದಿ ಹೊಲಿದು ಇನ್ನೊಂದು ತುದಿಗೆ ಟೈಲರ್ ಹತ್ತಿರ ಜಿಪ್ ಹಾಕಿಸಿ. ಬಸ್ಸಿನಲ್ಲೋ ವಿಮಾನದಲ್ಲೋ ಹೋಗುವಾಗ ಖಾಲಿ ಚೀಲ ಮಡಚಿ ಇಟ್ಟುಕೊಳ್ಳಿ, ಅಲ್ಲಿ ಹೋದ ಮೇಲೆ ಅಂಗಡೀಲಿ ಎರಡು ಕಿಲೋ ಅಕ್ಕಿಯೋ ಹುರುಳಿಯೋ ತಗೊಂಡು ತುಂಬಿಸಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಗಟ್ಟಿಯಾಗಿ ತುಂಬಿದರೆ ಲೆನ್ಸ್ ಅದರ ಮೇಲೆ ಉರುಳುತ್ತೆ. ಸಡಿಲ ಇದ್ದರೆ ಲೆನ್ಸ್ ಒಳಗೆ ಇಳಿದು ತನ್ನ ಜಾಗ ತಾನೇ ಮಾಡಿಕೊಳ್ಳುತ್ತೆ. ಪ್ರಾಣಿ ಕಂಡಾಗ ಇಂಜಿನ್ ಆಫ್ ಮಾಡೋಕೆ ಡ್ರೈವರ್ ಅಣ್ಣನಿಗೆ ಮೊದಲೇ ಹೇಳಿಡಿ, ಇಂಜಿನ್ ನಡುಕ ಬೀನ್ ಬ್ಯಾಗಿನ ಮೇಲೂ ಬರುತ್ತೆ. ದೋಣಿಯಲ್ಲಿ ಮಾತ್ರ ಇದು ಅಷ್ಟಕ್ಕಷ್ಟೇ. ಅಲ್ಲಿ ಕೈಯಲ್ಲೇ ಹಿಡಿದು, ಮೊಣಕೈ ಎದೆಗೆ ಒತ್ತಿಕೊಂಡು, ಕೂತೇ ತೆಗೀರಿ.

ಸೆಟ್ಟಿಂಗ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಮ್ಯಾನುಯಲ್ ಮೋಡಿನಲ್ಲಿ ಐಎಸ್‌ಒ, ಅಂದ್ರೆ ಬೆಳಕಿನ ಸಂವೇದನೆ, ಆಟೋಗೆ ಬಿಡಿ. ಶಟರ್ ವೇಗ ಕೂತ ಪ್ರಾಣಿಗೆ 1/500 ಸೆಕೆಂಡು, ಹಾರುವ ಹಕ್ಕಿಗೆ 1/2000. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈ ನಡುಕ ಸರಿಮಾಡುತ್ತೆ, ಹಕ್ಕಿಯ ರೆಕ್ಕೆ ನಿಲ್ಲಿಸಲ್ಲ. ಬೆಳಗಿನ ಮಬ್ಬಲ್ಲಿ ಐಎಸ್‌ಒ 6400 ಆದರೂ ಹೆದರಬೇಡಿ, ನಾಯ್ಸ್ (ಫೋಟೋ ಮೇಲಿನ ಕಾಳುಕಾಳು ಚುಕ್ಕೆ) ಆಮೇಲೆ ತೆಗೆಯಬಹುದು, ಬ್ಲರ್ ತೆಗೆಯೋಕಾಗಲ್ಲ. ಇನ್ನೊಂದು, ಕಪ್ಪು ಮರದ ಮುಂದೆ ಬಿಳಿ ಬೆಳ್ಳಕ್ಕಿ ಕೂತಿದ್ದರೆ ಕ್ಯಾಮೆರಾ ಮೋಸ ಹೋಗಿ ಬಿಳಿಯನ್ನೆಲ್ಲ ಸುಟ್ಟುಬಿಡುತ್ತೆ, ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕಿನ ಪ್ರಮಾಣ) ಸ್ವಲ್ಪ ಮೈನಸ್ ಮಾಡಿ. ಬೆಳ್ಳಗಿನ ಆಕಾಶದಲ್ಲಿ ಹಾರುತ್ತಿದ್ದರೆ ಒಂದು ಸ್ಟಾಪ್, ಅಂದ್ರೆ ಎರಡರಷ್ಟು ಬೆಳಕು, ಪ್ಲಸ್. ರಾ ಫೈಲಲ್ಲೇ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೀರಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾದಲ್ಲಿ 16,384. ನೆರಳಲ್ಲಿ ನಿಂತ ಕಾಟಿಯ ಕಪ್ಪು ಮೈಯಿಂದ ವಿವರ ಎತ್ತಬೇಕಾದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಇನ್ನು ಫೈಲ್‌ಗಳು. ಇದರ ಬಗ್ಗೆ ಜನ ತೋರಿಸುವ ಅಸಡ್ಡೆ ನೋಡಿದರೆ ನನಗೆ ಸಂಕಟ ಆಗುತ್ತೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 25 ಎಂಬಿ, ಸೆಕೆಂಡಿಗೆ 10 ಫ್ರೇಮಿನಂತೆ ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಒಂದು ಜಿಬಿ ಮುಗೀತು. ಹಾಗಾಗಿ ಮೆಮೊರಿ ಕಾರ್ಡ್ ಎರಡು ಮೂರು ಇರಲಿ. ರಾತ್ರಿ ರೂಮಿಗೆ ಬಂದ ಕೂಡಲೇ ಎಸ್‌ಎಸ್‌ಡಿಗೆ (ಜೇಬಲ್ಲಿಡಬಹುದಾದ ಸ್ಟೋರೇಜ್ ಡ್ರೈವ್) ಕಾಪಿ ಮಾಡಿ. ಲ್ಯಾಪ್‌ಟಾಪ್ ಇಲ್ಲದಿದ್ದರೂ ಪರವಾಗಿಲ್ಲ, ಮೊಬೈಲಿಗೆ ಕಾರ್ಡ್ ರೀಡರ್ ಮತ್ತು ಎಸ್‌ಎಸ್‌ಡಿ ಸೇರಿಸುವ ಹಬ್ ಸಿಗುತ್ತೆ. ಕಾರ್ಡನ್ನು ಅಳಿಸಬೇಡಿ, ಎಸ್‌ಎಸ್‌ಡಿ ಒಂದು ಬ್ಯಾಗಲ್ಲಿ, ಕಾರ್ಡ್ ಇನ್ನೊಂದರಲ್ಲಿ. ಮನೆಗೆ ಬಂದ ಮೇಲೆ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಅಣ್ಣನ ಮನೆಯ ಬೀರುವಿನಲ್ಲಿಟ್ಟ ಹಾರ್ಡ್ ಡಿಸ್ಕ್ ಆದರೂ ಆಯ್ತು. ಅಕಸ್ಮಾತ್ ಕಾರ್ಡ್ ಅಳಿಸಿಹೋದರೆ ಅದರ ಮೇಲೆ ಇನ್ನೊಂದೂ ಫೋಟೋ ತೆಗೀಬೇಡಿ. ಫೋಟೋರೆಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಮೇಲೆ ಹೊಸದು ಬರೆಯದಿದ್ದರೆ ಬಹಳಷ್ಟನ್ನು ವಾಪಸ್ ತರುತ್ತೆ.

ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇಡಿ, ಚೆಕ್-ಇನ್ ಬ್ಯಾಗಿಗೆ ಬಿಡಲ್ಲ.

ಫೋಟೋ ಆರಿಸಿ ತಿದ್ದುವ ಸಾಫ್ಟ್‌ವೇರ್‌ಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಡಾರ್ಕ್‌ಟೇಬಲ್ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ನಿಕಾನ್ ಇದ್ದವರಿಗೆ ಎನ್‌ಎಕ್ಸ್ ಸ್ಟುಡಿಯೋ, ಕ್ಯಾನನ್ ಇದ್ದವರಿಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ಎರಡೂ ಪುಕ್ಕಟೆ. ಡಾರ್ಕ್‌ಟೇಬಲ್ ಕಲಿಯೋಕೆ ತಾಳ್ಮೆ ಬೇಕು, ಆದರೆ ತಿಂಗಳು ತಿಂಗಳು ಬಾಡಿಗೆ ಕಟ್ಟೋದು ತಪ್ಪುತ್ತೆ. ಬಾಡಿಗೆ ಕಟ್ಟಿ ಬಳಸುವ ಅಡೋಬಿಯ ಲೈಟ್‌ರೂಮಿಗೆ ದುಡ್ಡು ಕೊಡೋದಾದರೆ ಅದಕ್ಕೆ ದೊಡ್ಡ ಕಾರಣ 2023ರಲ್ಲಿ ಬಂದ, ನಾಯ್ಸ್ ತೆಗೆಯುವ ಎಐ ಡಿನಾಯ್ಸ್, ಮಬ್ಬು ಬೆಳಕಿನ ಫೋಟೋಗಳಿಗೆ ಅದು ನಿಜಕ್ಕೂ ಜೀವ ಕೊಡುತ್ತೆ.

ಯಾವ ಸಾಫ್ಟ್‌ವೇರ್ ಆದರೂ ಮೊದಲ ಸುತ್ತಲ್ಲಿ ಬಣ್ಣ ಮುಟ್ಟಬೇಡಿ. 100% ಜೂಮ್ ಮಾಡಿ ಕಣ್ಣು ನೋಡಿ. ಕಣ್ಣು ಶಾರ್ಪ್ ಇಲ್ಲವಾ, ರಿಜೆಕ್ಟ್, ಮುಂದಿನದ್ದು. ಎರಡನೇ ಸುತ್ತಲ್ಲಿ ಒಂದು ಬರ್ಸ್ಟಿಗೆ (ಒತ್ತಿ ಹಿಡಿದು ತೆಗೆದ ಫೋಟೋಗಳ ಸಾಲಿಗೆ) ಒಂದೋ ಎರಡೋ ಉಳಿಸಿಕೊಳ್ಳಿ: ತಲೆ ನಿಮ್ಮ ಕಡೆ ತಿರುಗಿದ್ದು, ರೆಕ್ಕೆ ಪೂರ್ತಿ ಬಿಚ್ಚಿದ್ದು. ಹಕ್ಕಿ ಹೆಸರು ಗೊತ್ತಾಗದಿದ್ದರೆ ಕಾರ್ನೆಲ್ ಲ್ಯಾಬ್‌ನವರ ಮರ್ಲಿನ್ ಆ್ಯಪಿಗೆ ಫೋಟೋ ಕೊಡಿ, ಅದು ಸೂಚಿಸಿದ ಹೆಸರನ್ನು ಪುಸ್ತಕದಲ್ಲಿ ಒಮ್ಮೆ ಹೋಲಿಸಿ ನೋಡಿ, ಆಮೇಲೆ ಕೀವರ್ಡ್ ಆಗಿ ಹಾಕಿ.

ಹಂಚುವ ಮುಂಚೆ ಒಂದು ಕೆಲಸ ಬಾಕಿ ಇದೆ. ಕ್ಯಾಮೆರಾದ ಅಥವಾ ಮೊಬೈಲಿನ ಜಿಪಿಎಸ್ ಗುರುತಿಸಿದ ಜಾಗ ಫೋಟೋ ಒಳಗೇ ಕೂತಿರುತ್ತೆ. ಗೂಬೆಯ ಪೊಟರೆ, ಹದ್ದಿನ ಗೂಡು, ಹುಲಿ ಮರಿ ಹಾಕಿದ ಜಾಗ ಇವು ಯಾರ ಕೈಗೆ ಸಿಗುತ್ತೋ ಗೊತ್ತಿಲ್ಲ, ಬೇಟೆಗಾರರಿಗೂ ಇಂಟರ್ನೆಟ್ ಇದೆ. ಲೈಟ್‌ರೂಮಿನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಸ್ಥಳದ ಮಾಹಿತಿ ತೆಗೆಯುವ ಟಿಕ್ ಇದೆ. ಡಾರ್ಕ್‌ಟೇಬಲಿನ ಎಕ್ಸ್‌ಪೋರ್ಟ್ ಭಾಗದ ಮೆಟಾಡೇಟಾ ಆಯ್ಕೆಗಳಲ್ಲಿ ಜಿಯೋ ಟ್ಯಾಗ್ ಆಫ್ ಮಾಡಬಹುದು. ಒಂದು ಸಲ ಸೆಟ್ ಮಾಡಿಟ್ಟರೆ ಮುಂದೆಯೂ ಹಾಗೇ ಇರುತ್ತೆ. ಜೊತೆಗೆ ಕ್ಯಾಪ್ಶನ್ನಿನಲ್ಲೂ ಕೆರೆ ಹೆಸರು, ದಾರಿ ಹೆಸರು ಬರೆಯದೆ ನಾಗರಹೊಳೆ ಅಂತಷ್ಟೇ ಹಾಕಿ.