ಹರಿಯದ ಲೇಬ್ರಮ್ಮನ್ನು ಹರಿದಿದೆ ಎಂದು ಬರೆದ ಮೇಲೆ

ವಿಜಯಪುರದಲ್ಲಿ ರೇಡಿಯಾಲಜಿಸ್ಟ್ ಆಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಮಖಂಡಿ ಕಡೆಯ ಪೈಲ್ವಾನರೊಬ್ಬರು ಪರೀಕ್ಷೆಗೆ ಬಂದಿದ್ದರು. "ಪಟ್ಟು ಹಾಕೂಮುಂದ ರಟ್ಟಿ ಕಳಚಿಧಂಗ ಆಗತೈತ್ರಿ ಸಾಹೇಬ್ರ" ಎನ್ನುವುದು ಅವರ ತೊಂದರೆ. ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ತೋಳಿನ ಮೂಳೆಯ ತಲೆ ಕೂರುವ ಗ್ಲೆನಾಯ್ಡ್ ಬಟ್ಟಲಿನ ಮುಂಭಾಗದ ಮೇಲಂಚಿನಲ್ಲಿ ಲೇಬ್ರಮ್, ಅಂದರೆ ಬಟ್ಟಲಿನ ಅಂಚನ್ನು ಸುತ್ತುವರಿದ ಮೆತ್ತನೆಯ ಪಟ್ಟಿ, ಇರಲಿಲ್ಲ. ಅದರ ಮುಂದೆ ದಪ್ಪನೆಯ ಕಪ್ಪು ತುಣುಕೊಂದು ಬಿಡಿಯಾಗಿ ನಿಂತಂತೆ ಕಂಡಿತು. ಲೇಬ್ರಮ್ ಹರಿದು ಸರಿದಿದೆ ಎಂದು ಬರೆದುಬಿಟ್ಟೆ. ಆರ್ತ್ರೋಸ್ಕೋಪಿ (ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು) ಮಾಡಿದ ಶಸ್ತ್ರಚಿಕಿತ್ಸಕರು ಅಲ್ಲಿ ಹರಿದದ್ದೇನೂ ಇಲ್ಲವೆಂದೂ, ನಾನು ತುಣುಕೆಂದು ಬಗೆದದ್ದು ಹಗ್ಗದಂತೆ ದಪ್ಪಗಿದ್ದ ಮಧ್ಯದ ಗ್ಲೀನೋಹ್ಯೂಮರಲ್ ಲಿಗಮೆಂಟ್ (ಭುಜದ ಕೀಲನ್ನು ಬಿಗಿಯುವ ಕಟ್ಟುಗಳಲ್ಲೊಂದು) ಎಂದೂ ತಿಳಿಸಿದರು. ಹುಟ್ಟಿನಿಂದಲೇ ಬರುವ ಈ ರಚನೆಯೇ ಬ್ಯೂಫೋರ್ಡ್ ಕಾಂಪ್ಲೆಕ್ಸ್. 1994ರಲ್ಲಿ ಇದನ್ನು ವರ್ಣಿಸಿದವರು 200 ಆರ್ತ್ರೋಸ್ಕೋಪಿಗಳಲ್ಲಿ 3 ಕಡೆ ಮಾತ್ರ ಕಂಡಿದ್ದರು. ಅದೇ ಜಾಗದಲ್ಲಿ ಲೇಬ್ರಮ್ ಮೂಳೆಗೆ ಅಂಟದೆ ಉಳಿಯುವ ಇನ್ನೊಂದು ನಿರುಪದ್ರವಿ ರಚನೆ, ಲೇಬ್ರಮ್ಮಿನ ಅಡಿಯ ರಂಧ್ರವಾದರೋ ಶೇ. 12ರಷ್ಟು ಮಂದಿಯಲ್ಲಿತ್ತು. ನನ್ನ ವರದಿಯನ್ನು ನಂಬಿ ಆ ಹಗ್ಗವನ್ನು ಮೂಳೆಗೆ ಹೊಲಿದಿದ್ದರೆ ಪೈಲ್ವಾನರಿಗೆ ತೋಳನ್ನು ಹೊರಕ್ಕೆ ತಿರುಗಿಸುವುದೇ ಕಷ್ಟವಾಗುತ್ತಿತ್ತು.

ಆಮೇಲೆ ಭುಜ ಜಾರುವವರಿಗೆ, ಸಾಧ್ಯವಾದಲ್ಲೆಲ್ಲ, ಕೀಲಿನೊಳಗೆ ದ್ರವ ತುಂಬಿಸಿ ಚಿತ್ರ ತೆಗೆಯುವ ಎಂಆರ್ ಆರ್ತ್ರೋಗ್ರಾಮನ್ನೇ ಮಾಡತೊಡಗಿದೆ. ಫ್ಲೋರೋಸ್ಕೋಪಿಯಲ್ಲಿ (ಚಲಿಸುವ ಎಕ್ಸ್‌ರೇ ಚಿತ್ರ) ನೋಡುತ್ತ 22 ಗೇಜಿನ ಸ್ಪೈನಲ್ ಸೂಜಿಯನ್ನು ಇಳಿಸಿ, ಮೊದಲು ಎಕ್ಸ್‌ರೇಯಲ್ಲಿ ಎದ್ದು ಕಾಣುವ ಅಯೋಡಿನ್ ಕಾಂಟ್ರಾಸ್ಟ್ ದ್ರವವನ್ನು ತುಸು ಬಿಡುತ್ತೇನೆ. ಅದು ಸೂಜಿಯ ತುದಿಯಿಂದ ಸರಾಗವಾಗಿ ಹರಿದುಹೋದರೆ ಕೀಲಿನೊಳಗೆ ಇದ್ದೇನೆ, ಅಲ್ಲಿಯೇ ಗಂಟುಕಟ್ಟಿದರೆ ಹೊರಗಿದ್ದೇನೆ ಎಂದರ್ಥ. ಬಳಿಕ ಸಲೈನಿನಲ್ಲಿ ಸುಮಾರು 200 ಪಟ್ಟು ತೆಳುಮಾಡಿದ ಗ್ಯಾಡೋಲಿನಿಯಂ (ಎಂಆರ್ ಚಿತ್ರದಲ್ಲಿ ಬೆಳ್ಳಗೆ ಕಾಣುವ ದ್ರವ), 12 ಮಿಲೀ ಆಸುಪಾಸು. ಬಿಗಿದ ಭುಜವಾದರೆ ಅದರ ಅರ್ಧಕ್ಕೇ ಸಿರಿಂಜು ತಡೆಯಬಹುದು. ಆಗ ಒತ್ತಬಾರದು, ಒತ್ತಿದರೆ ಕೀಲಿನ ಚೀಲದಿಂದ ಹೊರಸೋರಿದ ದ್ರವವೇ ಚಿತ್ರದಲ್ಲಿ ಹರಿದ ಚೀಲದಂತೆ ಕಾಣುತ್ತದೆ.

ಯಂತ್ರದೊಳಗೆ ಮಲಗಿಸುವಾಗ ರೋಗಿಯ ಕೈಯನ್ನು ಹೊಟ್ಟೆಯ ಮೇಲಿಡುವ ರೂಢಿಯನ್ನು ಬಿಡಿಸಲು ನನಗೆ ತಿಂಗಳುಗಳೇ ಹಿಡಿದವು. ತೋಳು ಒಳಕ್ಕೆ ತಿರುಗಿದ್ದರೆ ಮುಂಭಾಗದ ಚೀಲ ಸಡಿಲಗೊಂಡು, ಗ್ಲೆನಾಯ್ಡಿನ ಅಂಚಿನಿಂದ ದೂರ, ಭುಜದೆಲುಬಿನ ಕುತ್ತಿಗೆಗೆ ಅಂಟಿಕೊಂಡಂತೆ ತೋರುತ್ತದೆ. ಚೀಲ ಹುಟ್ಟಿನಿಂದಲೇ ಅಲ್ಲಿ ಅಂಟಿರುವವರೂ ಉಂಟು, ಭುಜ ಜಾರಿದಾಗ ಮೂಳೆಯಿಂದ ಸುಲಿದುಕೊಂಡವರೂ ಉಂಟು. ಇವೆರಡನ್ನು ಬೇರ್ಪಡಿಸುವುದೇ ಕಷ್ಟವಾಗಿರುವಾಗ ಮೂರನೆಯ ಗೊಂದಲವನ್ನು ನಾವೇ ಸೇರಿಸಬಾರದು.

ಗ್ಲೆನಾಯ್ಡನ್ನು ಗಡಿಯಾರದ ಮುಖವೆಂದುಕೊಂಡು, ಎಡವಾಗಲಿ ಬಲವಾಗಲಿ, ಮೇಲಕ್ಕೆ 12, ಮುಂದಕ್ಕೆ 3 ಎಂದಿಟ್ಟುಕೊಳ್ಳುತ್ತೇನೆ. ಅಡ್ಡಸೀಳು ಚಿತ್ರಗಳಲ್ಲಿ ಗ್ಲೆನಾಯ್ಡಿನ ಮೇಲ್ತುದಿಯಲ್ಲಿರುವ ಬೈಸೆಪ್ಸ್ ಸ್ನಾಯುರಜ್ಜುವಿನ ಬುಡದಿಂದ ಒಂದೊಂದಾಗಿ ಕೆಳಗಿಳಿಯುತ್ತ ಆ ಕಪ್ಪು ತುಣುಕು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹಿಂಬಾಲಿಸುತ್ತೇನೆ. ಅದು ಮೇಲೆ ಬೈಸೆಪ್ಸಿನ ಬುಡಕ್ಕೆ ಕೂಡಿಕೊಂಡು, ಕೆಳಗೆ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ಹಿಂದೆ ಓರೆಯಾಗಿ ಸಾಗಿ ಚೀಲದಲ್ಲಿ ಬೆರೆತರೆ ಅದು ಲಿಗಮೆಂಟೇ. 1ರಿಂದ 3 ಗಂಟೆಯ ನಡುವಿನ ಬಿರುಕನ್ನು ಕಂಡೊಡನೆ ಗಾಯವೆನ್ನಲು ನಾನು ಅವಸರಪಡುವುದಿಲ್ಲ. 3ರ ಕೆಳಗೆ ಲೇಬ್ರಮ್ ಬಿಟ್ಟಿದ್ದರೆ ಮಾತ್ರ ಆ ರಿಯಾಯಿತಿ ಇಲ್ಲ, ಏಕೆಂದರೆ ಭುಜ ಮುಂದಕ್ಕೆ ಜಾರಿದವರಲ್ಲಿ ಪೆಟ್ಟು ಬೀಳುವುದು ಬಹುಮಟ್ಟಿಗೆ ಅಲ್ಲಿಯೇ.

ಹುಟ್ಟುರಚನೆ, ಗಾಯ ಎರಡೂ ಒಂದೇ ಭುಜದಲ್ಲಿರಬಹುದೆಂಬುದನ್ನು ಕಲಿಸಿದವರು ಇನ್ನೊಬ್ಬ ಪೈಲ್ವಾನರು. ಅವರ ಭುಜದಲ್ಲಿ ಮೇಲೆ ನಿರುಪದ್ರವಿ ರಂಧ್ರವಿತ್ತು, ಕೆಳಗೆ ಲೇಬ್ರಮ್ ನಿಜವಾಗಿಯೇ ಹರಿದಿತ್ತು. ಆ ಹರಕು ಕಂಡದ್ದು ಅಂಗೈಯನ್ನು ತಲೆಯ ಹಿಂದಿಟ್ಟು ತೆಗೆದ ಚಿತ್ರದಲ್ಲಿ ಮಾತ್ರ. ಆ ಭಂಗಿಯಲ್ಲಿ ಕೆಳಗಿನ ಲಿಗಮೆಂಟ್ ಬಿಗಿದು ಲೇಬ್ರಮ್ಮನ್ನು ಎಳೆಯುತ್ತದೆ. ಭುಜ ಕಳಚಿದ ಅನುಭವವಿದ್ದವರು ಆ ಭಂಗಿಗೆ ಅಂಜುತ್ತಾರೆ. ಆದ್ದರಿಂದ ಅದನ್ನು ಕೊನೆಗಿಟ್ಟು, ಮೊಣಕೈ ಕೆಳಗೆ ದಿಂಬು ಕೊಟ್ಟು, ತಾಳುವಷ್ಟೇ ಹೊತ್ತು ಮಲಗಿಸುತ್ತೇನೆ.